ಹೈಸ್ಕೂಲ್ ಮಕ್ಕಳಿಗೆ ಡಿಜಿಟಲ್ ಚಿತ್ರಕಲೆ, ಗ್ರಾಫಿಕ್ ಡಿಸೈನ್: ಪದೇ ಪದೇ ಕೇಳುವ ಪ್ರಶ್ನೆಗಳು

ಉಡುಪಿಯಲ್ಲಿ ಎಂಟರಿಂದ ಹತ್ತನೇ ತರಗತಿಯ ಮಕ್ಕಳಿಗೆ ಶನಿವಾರ ಮಧ್ಯಾಹ್ನ ಮತ್ತು ರಜಾ ದಿನಗಳಲ್ಲಿ ನಡೆಯುವ ತರಗತಿಯ ಬಗ್ಗೆ ಬರುವ ಪ್ರಶ್ನೆಗಳು ಇಲ್ಲಿವೆ. ಹೆಚ್ಚಿನವು ಅಪ್ಪ ಅಮ್ಮಂದಿರದ್ದು, ಕೆಲವು ಮಕ್ಕಳದ್ದು. ಕೊನೆಯ ಕಡೆ ಬರುವ ಎರಡು, ತಮ್ಮ ಶಾಲೆಯಲ್ಲೂ ಇದನ್ನು ಶುರು ಮಾಡಬೇಕೆಂದಿರುವ ಡ್ರಾಯಿಂಗ್ ಮಾಸ್ಟ್ರುಗಳು ಮತ್ತು ಟೀಚರ್‌ಗಳು ಕೇಳಿದ್ದು.

ನಮ್ಮ ಮಗಳಿಗೆ ಚಿತ್ರ ಬಿಡಿಸಲು ಅಷ್ಟಾಗಿ ಬರುವುದಿಲ್ಲ. ಸೇರಿಸಬಹುದಾ?

ಧಾರಾಳವಾಗಿ ಸೇರಿಸಿ. ಮುಖ, ಕೈ, ಮರ, ದೋಣಿ ಬಿಡಿಸುವುದು ಒಂದು ಕಸುಬು. ಒಂದು ಹಾಳೆಯಲ್ಲಿ ಯಾವುದು ದೊಡ್ಡದಾಗಿರಬೇಕು, ಯಾವುದು ಚಿಕ್ಕದು, ಎಲ್ಲಿ ಜಾಗ ಖಾಲಿ ಬಿಡಬೇಕು ಎಂದು ತೀರ್ಮಾನಿಸುವುದು ಇನ್ನೊಂದು. ಎರಡನೆಯದು ಬರಲು ಮೊದಲನೆಯದರಲ್ಲಿ ಗಟ್ಟಿಗರಾಗಿರಬೇಕೆಂದಿಲ್ಲ. ಆದರೂ ಮೊದಲ ಕೆಲವು ವಾರ ಕಂಪ್ಯೂಟರ್ ಆನ್ ಆಗುವುದಿಲ್ಲ, ಪೆನ್ಸಿಲ್ ಮತ್ತು ಕಾಗದ ಮಾತ್ರ. ಉಡುಪಿ ಹತ್ತಿರದ ಕಟ್ಟಿಂಗೇರಿಯಲ್ಲಿ 1911ರಲ್ಲಿ ಹುಟ್ಟಿದ ಕಲಾವಿದ ಕೆ.ಕೆ. ಹೆಬ್ಬಾರರ ರೇಖಾಚಿತ್ರಗಳನ್ನು ಆಗ ಮಕ್ಕಳ ಮುಂದಿಡುತ್ತೇವೆ. ಕುಣಿಯುವ ಮೈಯನ್ನು ಅವರು ಬೆರಳೆಣಿಕೆಯ ಗೆರೆಗಳಲ್ಲಿ ಹಿಡಿದಿದ್ದಾರೆ, ನೆರಳಿಲ್ಲ, ಬಣ್ಣವಿಲ್ಲ. ಎಷ್ಟು ಬಿಟ್ಟರೂ ಚಿತ್ರ ಚಿತ್ರವಾಗಿಯೇ ಉಳಿಯುತ್ತದೆ ಎನ್ನುವುದನ್ನು ‘ನನಗೆ ಡ್ರಾಯಿಂಗ್ ಬರುವುದಿಲ್ಲ’ ಎನ್ನುವ ಮಕ್ಕಳೇ ಬೇಗ ಹಿಡಿದುಕೊಳ್ಳುತ್ತಾರೆ.

ಹಾಗಾದರೆ ಮೊದಲು ಕಲಿಸುವುದು ಏನನ್ನು?

ಅಕ್ಷರವನ್ನು. ಇದಕ್ಕೆ ತಾಯ್ತಂದೆಯರು ಹುಬ್ಬೇರಿಸುತ್ತಾರೆ, ಮಕ್ಕಳಿಗೆ ಸ್ವಲ್ಪ ಬೇಸರವೂ ಆಗುತ್ತದೆ. ಅವರು ಬಂದದ್ದು ಅನಿಮೆ ಮುಖ ಬಿಡಿಸಲು. ಆದರೆ ಈ ಮಕ್ಕಳಿಗೆ ನಾಳೆ ಯಾರಾದರೂ ಕೆಲಸ ಕೊಟ್ಟರೆ ಅದು ಯಕ್ಷಗಾನ ಬಯಲಾಟದ ಕರಪತ್ರ, ಶಾಲೆಯ ವಾರ್ಷಿಕೋತ್ಸವದ ಆಮಂತ್ರಣ, ಕಬಡ್ಡಿ ಪಂದ್ಯದ ಬ್ಯಾನರ್, ಯಾವುದೋ ಸಹಕಾರಿ ಸಂಘದ ಸೂಚನಾ ಫಲಕ. ಎಲ್ಲದರಲ್ಲೂ ಚಿತ್ರಕ್ಕಿಂತ ಮಾತು ಹೆಚ್ಚು, ಮಾತೆಲ್ಲ ಕನ್ನಡದಲ್ಲಿ. ಇಂಟರ್‌ನೆಟ್‌ನಲ್ಲಿ ಸಿಗುವ ಪಾಠಗಳೆಲ್ಲ ಇಂಗ್ಲಿಷ್ ಅಕ್ಷರಕ್ಕೆ ಹೇಳಿ ಮಾಡಿಸಿದವು. ಅವನ್ನೇ ನೋಡಿ ಕಲಿತ ಮಕ್ಕಳ ಪೋಸ್ಟರಿನಲ್ಲಿ ಚಿತ್ರ ಚೆಂದವಿರುತ್ತದೆ, ಕನ್ನಡ ಮಾತ್ರ ಕೊನೆಗೆ ಉಳಿದ ಜಾಗದಲ್ಲಿ ತುರುಕಿದಂತಿರುತ್ತದೆ.

ಕನ್ನಡ ಅಕ್ಷರಕ್ಕೆ ಮೇಲೂ ಕೆಳಗೂ ಕೈಕಾಲುಗಳಿವೆ. ‘ರಾಷ್ಟ್ರ’, ‘ಲಕ್ಷ್ಮೀ’, ‘ಸ್ತ್ರೀ’ ಬರೆದು ನೋಡಿ, ಒತ್ತಕ್ಷರ ಕೆಳಗಿಳಿಯುತ್ತದೆ, ಗುಡಿಸು ಮೇಲೇರುತ್ತದೆ. ಇಂಗ್ಲಿಷಿಗೆ ಸಾಕಾಗುವ ಸಾಲಿನ ಅಂತರ ಇಟ್ಟರೆ ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ತಲೆಗೆ ಬಡಿಯುತ್ತದೆ. ಅಕ್ಷರದ ಗಾತ್ರದ ಒಂದೂವರೆ ಪಟ್ಟು ಅಂತರದಿಂದ ಶುರು ಮಾಡಿ, ಆಮೇಲೆ ಕಣ್ಣಳತೆಯಲ್ಲಿ ಹೊಂದಿಸಿಕೊಳ್ಳಿ ಎನ್ನುತ್ತೇವೆ. ನಮ್ಮಲ್ಲಿ ದೊಡ್ಡಕ್ಷರ ಸಣ್ಣಕ್ಷರ ಎಂಬ ಭೇದ ಇಲ್ಲ, ಹಾಗಾಗಿ ಒಂದು ಮಾತನ್ನು ಎತ್ತಿ ತೋರಿಸಬೇಕಾದರೆ ಗಾತ್ರ, ದಪ್ಪ, ಬಣ್ಣ, ಜಾಗ ಇವೇ ದಾರಿ. ಜಾಗ ಸಾಲದೆಂದು ಅಕ್ಷರವನ್ನು ಅಡ್ಡಕ್ಕೋ ಉದ್ದಕ್ಕೋ ಎಳೆಯುವುದನ್ನು ನಾನು ಸಹಿಸುವುದಿಲ್ಲ. ಗೆರೆಯ ದಪ್ಪ ಒಂದು ಕಡೆ ಸೊರಗಿ ಇನ್ನೊಂದು ಕಡೆ ಊದಿಕೊಳ್ಳುತ್ತದೆ. ಅಗಲ ಕಡಿಮೆಯ ಅಕ್ಷರ ಬೇಕಿದ್ದರೆ ಹಾಗೆಂದೇ ರೂಪಿಸಿದ ಫಾಂಟ್ ಇದೆ: ಅನೇಕ್ ಕನ್ನಡದಲ್ಲಿ ಕಿರಿದರಿಂದ ಅಗಲದವರೆಗೆ, ತೆಳುವಿನಿಂದ ದಪ್ಪದವರೆಗೆ ಎಲ್ಲವೂ ಉಚಿತವಾಗಿ ಸಿಗುತ್ತವೆ.

ಪಾಠಕ್ಕೆ ಬೇಕಾದ ಸಾಮಗ್ರಿ ಬೀದಿಯಲ್ಲೇ ಇದೆ. ಮಂಗಳೂರು–ಉಡುಪಿ–ಕುಂದಾಪುರ ದಾರಿಯ ಖಾಸಗಿ ಬಸ್ಸುಗಳ ಹೆಸರು, ಮಲ್ಪೆಯ ಬೋಟುಗಳ ಮೂತಿಯ ಮೇಲಿನ ಹೆಸರು, ಹಳೆಯ ಅಂಗಡಿಗಳ ಕೈಬರಹದ ಬೋರ್ಡು, ಇವುಗಳ ಫೋಟೋ ತೆಗೆದು ತರಲು ಹೇಳುತ್ತೇವೆ. ಓಡುವ ಎಕ್ಸ್‌ಪ್ರೆಸ್ ಬಸ್ಸಿನ ಹೆಸರನ್ನು ದೂರದಿಂದ ಓದಲು ಆಗುತ್ತದೋ ಇಲ್ಲವೋ, ಏಕೆ, ಎಂಬ ಚರ್ಚೆಯಲ್ಲಿ ಒಂದು ಮಧ್ಯಾಹ್ನ ಹೋದದ್ದೇ ಗೊತ್ತಾಗುವುದಿಲ್ಲ. 1843ರಲ್ಲಿ ಮಂಗಳೂರಿನಲ್ಲಿ ಶುರುವಾದ ಕನ್ನಡದ ಮೊದಲ ಪತ್ರಿಕೆ ‘ಮಂಗಳೂರ ಸಮಾಚಾರ’ ಕಲ್ಲಚ್ಚಿನಲ್ಲಿ ಮುದ್ರಣವಾಗಿತ್ತು ಎಂದರೆ ಮಕ್ಕಳಿಗೆ ಅಚ್ಚರಿ. ಮೊಳೆ ಜೋಡಿಸದೆ, ಕೈಬರಹವೇ ಅಚ್ಚಿಗೆ ಹೋಗುತ್ತಿದ್ದ ಕಾಲವೂ ಒಂದಿತ್ತಲ್ಲ.

ಯಾವ ಸಾಫ್ಟ್‌ವೇರ್ ಬಳಸುತ್ತೀರಿ? ದುಡ್ಡು ಕೊಡಬೇಕಾ?

ಬೇಡ. ಚಿತ್ರ ಬಿಡಿಸಲು ಕ್ರಿಟಾ, ಅಕ್ಷರ ಮತ್ತು ಲೋಗೋಗೆ ಇಂಕ್‌ಸ್ಕೇಪ್, ಫೋಟೋ ತಿದ್ದಲು ಗಿಂಪ್. ಮೂರೂ ಉಚಿತ, ಮುಕ್ತ ತಂತ್ರಾಂಶಗಳು, ವಿಂಡೋಸ್‌ನಲ್ಲೂ ಲಿನಕ್ಸ್‌ನಲ್ಲೂ ನಡೆಯುತ್ತವೆ. ಚಿತ್ರವನ್ನು ಕ್ರಿಟಾದಲ್ಲಿ ಮುಗಿಸಿ, ಕನ್ನಡ ಬರಹವನ್ನು ಇಂಕ್‌ಸ್ಕೇಪ್‌ಗೆ ತಂದು ಕೂರಿಸುವುದು ನಮ್ಮ ರೂಢಿ.

ಫೋಟೋಶಾಪ್, ಕೋರೆಲ್‌ಡ್ರಾ ಕಲಿಸದಿದ್ದರೆ ಮುಂದೆ ಕೆಲಸ ಸಿಗುತ್ತದಾ?

ಊರಿನ ಪ್ರಿಂಟಿಂಗ್ ಪ್ರೆಸ್ಸುಗಳಲ್ಲಿ ಕೋರೆಲ್‌ಡ್ರಾ ಬಳಕೆ ಹೆಚ್ಚೆಂಬುದು ನಿಜ. ಆದರೆ ಹದಿನಾಲ್ಕು ವರ್ಷದ ಮಗು ನೌಕರಿಗೆ ಹೋಗಲು ಇನ್ನೂ ಸಮಯವಿದೆ, ಅಷ್ಟರಲ್ಲಿ ಮೆನುಗಳೆಲ್ಲ ಬದಲಾಗಿರುತ್ತವೆ. ಲೇಯರ್ (ಒಂದರ ಮೇಲೊಂದು ಪದರ), ವೆಕ್ಟರ್ ಗೆರೆ (ಎಷ್ಟು ಹಿಗ್ಗಿಸಿದರೂ ಮಸುಕಾಗದ ಗೆರೆ), ಮಾಸ್ಕ್ (ಬೇಡದ ಭಾಗ ಮರೆಮಾಡುವುದು), ಗ್ರಿಡ್ (ಜೋಡಿಸಲು ಆಸರೆಯಾಗುವ ಅಡ್ಡ ಉದ್ದ ಗೆರೆಗಳು) ಇವು ಒಂದು ಕಡೆ ಅರ್ಥವಾದರೆ ಎಲ್ಲ ಕಡೆಯೂ ನಡೆಯುತ್ತದೆ. ಇನ್ನೊಂದು ಮಾತು: ಕದ್ದ ಫೋಟೋಶಾಪ್ ಹಾಕಿಕೊಡಿ ಎಂದು ಕೇಳಬೇಡಿ, ಅದರ ಜೊತೆ ವೈರಸ್ಸೂ ಬರುತ್ತದೆ.

ಎಂಥ ಕಂಪ್ಯೂಟರ್ ಬೇಕು? ಪೆನ್ ಟ್ಯಾಬ್ಲೆಟ್ ಈಗಲೇ ತರಬೇಕಾ?

ಹೊಸದು ಬೇಡ. ನಾಲ್ಕು ಜಿಬಿ ರ‍್ಯಾಮ್ ಇದ್ದರೆ ಕಲಿಕೆ ಶುರುವಾಗುತ್ತದೆ, ಎಂಟಿದ್ದರೆ ನೆಮ್ಮದಿ. ಪೆನ್ ಟ್ಯಾಬ್ಲೆಟ್‌ನಲ್ಲಿ ಎರಡು ಜಾತಿ. ಪರದೆ ಇಲ್ಲದ್ದು ಅಗ್ಗ, ಕೈ ಕೆಳಗೆ ಓಡುತ್ತದೆ, ಕಣ್ಣು ಮಾನಿಟರ್ ಮೇಲಿರುತ್ತದೆ. ಪರದೆ ಇರುವುದು ಕೆಲವು ಪಟ್ಟು ದುಬಾರಿ. ಮಕ್ಕಳು ಪರದೆ ಇಲ್ಲದ್ದಕ್ಕೆ ದೊಡ್ಡವರಿಗಿಂತ ಬೇಗ ಒಗ್ಗಿಕೊಳ್ಳುತ್ತಾರೆ. ಮೊದಲ ಅರ್ಧ ವರ್ಷ ಮೌಸ್ ಸಾಕು, ಅಕ್ಷರದ ಕೆಲಸಕ್ಕೆ ಮೌಸೇ ಒಳ್ಳೆಯದು. ಮಗು ಮನೆಯಲ್ಲಿ ಹೇಳಿಸಿಕೊಳ್ಳದೆ ತಾನಾಗಿ ಕೂತು ಬಿಡಿಸುತ್ತದೋ ನೋಡಿ, ಆಮೇಲೆ ಟ್ಯಾಬ್ಲೆಟ್ ಮಾತು.

ಮನೆಯಲ್ಲಿ ಕಂಪ್ಯೂಟರ್ ಇಲ್ಲ, ಮೊಬೈಲ್ ಮಾತ್ರ.

ನಡೆಯುತ್ತದೆ. ಐಬಿಸ್ ಪೇಂಟ್ ಆ್ಯಪ್‌ನಲ್ಲಿ ಲೇಯರ್ ಇದೆ, ಗೆರೆ ನಡುಗದಂತೆ ತಡೆಯುವ ಸೌಲಭ್ಯವಿದೆ. ಬೆರಳಿನಲ್ಲೇ ಒಳ್ಳೆಯ ಚಿತ್ರ ತರುವ ಮಕ್ಕಳಿದ್ದಾರೆ. ಪೋಸ್ಟರಿನ ಕೆಲಸ ಮಾತ್ರ ತರಗತಿಯ ಕಂಪ್ಯೂಟರಿನಲ್ಲೇ ಆಗಲಿ. ಅಂಗೈ ಅಗಲದ ಪರದೆಯಲ್ಲಿ ದೊಡ್ಡ ಎ3 ಹಾಳೆಯಲ್ಲಿ ಯಾವುದು ಎಷ್ಟು ಎದ್ದು ಕಾಣುತ್ತದೆಂದು ತಿಳಿಯುವುದಿಲ್ಲ.

ಕ್ಯಾನ್ವಾದಲ್ಲಿ ಐದು ನಿಮಿಷಕ್ಕೆ ಪೋಸ್ಟರ್ ಆಗುತ್ತದಲ್ಲ, ಇಷ್ಟೆಲ್ಲ ಕಲಿಯುವುದು ಏಕೆ?

ಶಾಲಾ ಶಿಕ್ಷಕರಿಗೂ ಅವರ ವಿದ್ಯಾರ್ಥಿಗಳಿಗೂ ಕ್ಯಾನ್ವಾದ ಶಿಕ್ಷಣ ಆವೃತ್ತಿ ಉಚಿತ, ಅದನ್ನು ನಾವೂ ಬಳಸುತ್ತೇವೆ. ಆದರೆ ಎರಡನೇ ವರ್ಷದಲ್ಲಿ. ಅದರ ಟೆಂಪ್ಲೇಟಿನಲ್ಲಿ, ಅಂದರೆ ಸಿದ್ಧ ಮಾದರಿಯಲ್ಲಿ, ತೀರ್ಮಾನಗಳನ್ನೆಲ್ಲ ಬೇರೆ ಯಾರೋ ಮೊದಲೇ ಮಾಡಿಟ್ಟಿರುತ್ತಾರೆ, ಅದೂ ಮೂರು ಪದದ ಇಂಗ್ಲಿಷ್ ತಲೆಬರಹಕ್ಕೆ. ಅಲ್ಲಿ ‘ಶ್ರೀ ದುರ್ಗಾಪರಮೇಶ್ವರೀ ದೇವಸ್ಥಾನದ ವಾರ್ಷಿಕ ಜಾತ್ರಾ ಮಹೋತ್ಸವ’ ಹಾಕಿ ನೋಡಿ, ಇಡೀ ವಿನ್ಯಾಸ ಕುಸಿಯುತ್ತದೆ. ಕುಸಿದದ್ದನ್ನು ಎತ್ತಿ ನಿಲ್ಲಿಸಲು ಗೊತ್ತಿರುವ ಮಗುವಿಗೆ ಕ್ಯಾನ್ವಾ ಒಳ್ಳೆಯ ಸಲಕರಣೆ.

ಕನ್ನಡ ಟೈಪ್ ಮಾಡಿದರೆ ಅಕ್ಷರ ಚೂರುಚೂರಾಗುತ್ತದೆ, ಇಲ್ಲವೇ ಏನೇನೋ ಚಿಹ್ನೆ ಬರುತ್ತದೆ. ಏನು ಮಾಡಬೇಕು?

ಇವು ಎರಡು ಬೇರೆ ಬೇರೆ ಕಾಯಿಲೆಗಳು.

ಒತ್ತಕ್ಷರ ಬಿಡಿಬಿಡಿಯಾಗಿ, ‘ಕ್ಷ’ ಬರಬೇಕಾದಲ್ಲಿ ‘ಕ್‌ಷ’ ಬಂದರೆ, ತಂತ್ರಾಂಶಕ್ಕೆ ಭಾರತೀಯ ಲಿಪಿ ಜೋಡಿಸಲು ಹೇಳಿಲ್ಲ ಎಂದರ್ಥ. ಹಳೆಯ ಫೋಟೋಶಾಪ್‌ನ ಟೈಪ್ ಸೆಟ್ಟಿಂಗ್‌ನಲ್ಲಿ ದಕ್ಷಿಣ ಏಷ್ಯಾದ ಭಾಷೆಗಳ ಆಯ್ಕೆ ಇದೆ, ಅದನ್ನು ಆರಿಸಿ ಹೊಸ ಕಡತ ತೆರೆಯಿರಿ. ಇಂಕ್‌ಸ್ಕೇಪ್‌ನಲ್ಲಿ ಈ ತೊಂದರೆ ಇಲ್ಲ.

ಕಡತ ತೆರೆದಾಗ ಕನ್ನಡದ ಬದಲು ಇಂಗ್ಲಿಷ್ ಅಕ್ಷರ, ಚಿಹ್ನೆಗಳ ರಾಶಿ ಕಂಡರೆ ಅದು ಹಳೆಯ ನುಡಿ ಅಥವಾ ಬರಹ ಫಾಂಟಿನ, ಯೂನಿಕೋಡ್ (ಎಲ್ಲ ಕಂಪ್ಯೂಟರಿಗೂ ತಿಳಿಯುವ ಅಕ್ಷರ ಸಂಕೇತ) ಅಲ್ಲದ ಬರಹ. ಆ ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ಅದು ಕನ್ನಡವೇ ಅಲ್ಲ. ಪರಿವರ್ತಕದಲ್ಲಿ ಹಾಕಿ ಯೂನಿಕೋಡ್‌ಗೆ ತನ್ನಿ, ತಂದ ಮೇಲೆ ಒಮ್ಮೆ ಪೂರ್ತಿ ಓದಿ. ಅರ್ಕಾವತ್ತು ಜಾಗ ಬದಲಿಸಿ ಕೂತಿರುವುದು ಅಪರೂಪವಲ್ಲ.

ಪ್ರೆಸ್ಸಿಗೆ ಕಳಿಸುವ ಮುನ್ನ ಬರಹವನ್ನು ಆಕಾರವಾಗಿ ಬದಲಾಯಿಸಲೇಬೇಕು. ಇಂಕ್‌ಸ್ಕೇಪ್‌ನಲ್ಲಿ ‘ಆಬ್ಜೆಕ್ಟ್ ಟು ಪಾಥ್’, ಕೋರೆಲ್‌ಡ್ರಾದಲ್ಲಿ ‘ಕನ್ವರ್ಟ್ ಟು ಕರ್ವ್ಸ್’. ಆಮೇಲೆ ಯಾವ ಫಾಂಟೂ ಬೇಕಿಲ್ಲ, ಅಕ್ಷರ ಚಿತ್ರವಾಗಿ ಉಳಿಯುತ್ತದೆ. ಕಾಗುಣಿತ ತಿದ್ದಲು ಮೂಲ ಕಡತವನ್ನು ಬೇರೆಯೇ ಇಟ್ಟುಕೊಳ್ಳಿ.

ಟೈಪಿಂಗಿಗೆ ನಾವು ಕಲಿಸುವುದು ಕೆ.ಪಿ. ರಾವ್ ಕೀಲಿಮಣೆ ವಿನ್ಯಾಸ. ರಾವ್ ಅವರು ಮಂಗಳೂರು ಸಮೀಪದ ಕಿನ್ನಿಕಂಬಳದವರು, ಕನ್ನಡಕ್ಕಾಗಿ ‘ಸೇಡಿಯಾಪು’ ತಂತ್ರಾಂಶ ಮಾಡಿದವರು. ನುಡಿಯಲ್ಲಿರುವುದೂ ಇದೇ ಕ್ರಮ. ಒತ್ತಕ್ಷರಕ್ಕೆ ನಡುವೆ ‘ಎಫ್’ ಕೀಲಿ ಒತ್ತಿದರಾಯಿತು. ಇಂಗ್ಲಿಷಿನಲ್ಲಿ ಬರೆದು ಕನ್ನಡಕ್ಕೆ ತಿರುಗಿಸುವ ಅಭ್ಯಾಸಕ್ಕಿಂತ ಇದು ವೇಗ, ಮಹಾಪ್ರಾಣವೂ ತಪ್ಪುವುದಿಲ್ಲ.

ಮಕ್ಕಳಿಗೆ ಎಂಥ ಕೆಲಸ ಕೊಡುತ್ತೀರಿ?

ನನಗೆ ತುಂಬ ಇಷ್ಟದ್ದು ಕಾವಿ ಕಲೆಯದ್ದು. ನಮ್ಮ ಕರಾವಳಿಯ ಹಳೆಯ ದೇವಸ್ಥಾನಗಳ ಗೋಡೆಯಲ್ಲಿ ಸುಣ್ಣದ ಬಿಳಿ ಗಾರೆಯ ಮೇಲೆ ಕೆಂಪು ಮಣ್ಣಿನ ಪದರ ಬಳಿದು, ಅದು ಒಣಗುವ ಮೊದಲು ಕೆರೆದು ಬಿಳಿಯನ್ನು ಹೊರತೆಗೆಯುತ್ತಿದ್ದರು. ಇರುವುದು ಎರಡೇ ಬಣ್ಣ. ಗೆರೆ ಯಾವುದು, ಹಿನ್ನೆಲೆ ಯಾವುದು ಎಂಬುದು ತಿರುವುಮುರುವಾಗುತ್ತಿರುತ್ತದೆ. ಅದೇ ನಿಯಮದಲ್ಲಿ, ಎರಡು ಬಣ್ಣ ಮಾತ್ರ, ನೆರಳು ಮತ್ತು ಗ್ರೇಡಿಯೆಂಟ್ (ಒಂದು ಬಣ್ಣ ಇನ್ನೊಂದಕ್ಕೆ ಕರಗುವುದು) ನಿಷಿದ್ಧ, ಒಂದು ಪೋಸ್ಟರ್ ಮಾಡಿ ಎನ್ನುತ್ತೇವೆ. ಹೊಳೆಯುವ ಅಕ್ಷರ, ಹೊಗೆ, ಕಿಡಿ ಎಲ್ಲ ಕಳಚಿ ಬೀಳುತ್ತವೆ, ವಿನ್ಯಾಸದ ಎಲುಬು ಕಾಣುತ್ತದೆ.

ಮಂಗಳೂರಿನ ಸಂತ ಅಲೋಶಿಯಸ್ ಚಾಪೆಲ್‌ಗೆ ಒಂದು ಪ್ರವಾಸ ಇರುತ್ತದೆ. ಇಟಲಿಯಿಂದ ಬಂದ ಆಂಟೋನಿಯೊ ಮೊಸ್ಕೇನಿ 1899ರಿಂದ 1901ರ ನಡುವೆ ಅಲ್ಲಿ ಚಿತ್ರ ಬರೆದರು. ಗೋಡೆಯ ಫ್ರೆಸ್ಕೋಗಳನ್ನು ಹಸಿ ಗಾರೆಯ ಮೇಲೆ ಬರೆಯಬೇಕು, ಗಾರೆ ಒಣಗುವುದರೊಳಗೆ ಮುಗಿಯಬೇಕು, ‘ಅನ್‌ಡು’ (ಮಾಡಿದ್ದನ್ನು ಅಳಿಸಿ ಹಿಂದೆ ಹೋಗುವ ಗುಂಡಿ) ಒತ್ತುವಂತಿಲ್ಲ. ಅಲ್ಲಿಂದ ಬಂದ ಮೇಲೆ ಒಂದು ತರಗತಿ ಪೂರ್ತಿ ಅನ್‌ಡು ಮುಟ್ಟದೆ ಬಿಡಿಸಬೇಕೆಂಬ ಆಟ ಇಡುತ್ತೇವೆ. ದೊಡ್ಡ ಗಲಾಟೆಯಾಗುತ್ತದೆ, ಗೆರೆಗಳು ಮಾತ್ರ ಧೈರ್ಯವಾಗಿ ಬರುತ್ತವೆ.

ಮೂರನೆಯದು ಬಯಲಾಟದ ಪೋಸ್ಟರ್. ಪ್ರಸಂಗದ ಹೆಸರು, ಮೇಳ, ಸ್ಥಳ, ದಿನಾಂಕ, ಸಮಯ, ಸೇವಾಕರ್ತರು, ಎಲ್ಲರಿಗೂ ಆದರದ ಸ್ವಾಗತ ಬಯಸುವವರು. ಇಷ್ಟನ್ನೂ ಒಂದು ಹಾಳೆಗೆ ತರಬೇಕು. ಮುಗಿದದ್ದನ್ನು ಮೈದಾನದ ಆಚೆ ಬದಿಗೆ ಅಂಟಿಸಿ ಈಚೆಯಿಂದ ನೋಡುತ್ತೇವೆ. ಎಲ್ಲಿ, ಯಾವಾಗ ಎಂಬುದು ಓದಲು ಬರದಿದ್ದರೆ ಮತ್ತೆ ಕಂಪ್ಯೂಟರಿಗೆ. ಅಂಕ ಕೊಡುವುದಿಲ್ಲ, ಇದೇ ಪರೀಕ್ಷೆ.

ಪರದೆಯಲ್ಲಿ ಚೆಂದ ಕಂಡದ್ದು ಪ್ರಿಂಟಿನಲ್ಲಿ ಮಂಕಾಯಿತು, ಮಸುಕಾಯಿತು.

ಮಂಕಾಗುವುದು ಬಣ್ಣದ ಕ್ರಮದಿಂದ. ಪರದೆ ಬೆಳಕಿನಿಂದ ಬಣ್ಣ ಮಾಡುತ್ತದೆ, ಪ್ರೆಸ್ಸು ನಾಲ್ಕು ಶಾಯಿಗಳಿಂದ. ಹುಲಿವೇಷದ ಆ ಕಣ್ಣು ಕುಕ್ಕುವ ಹಳದಿ, ಕಿತ್ತಳೆ ಸಾಮಾನ್ಯ ಮುದ್ರಣದಲ್ಲಿ ಹಾಗೆಯೇ ಬರುವುದಿಲ್ಲ. ಮಾದರಿ ಪ್ರತಿ ತೆಗೆಸಿ ನೋಡಿಯೇ ಒಪ್ಪಿಗೆ ಕೊಡಿ.

ಮಸುಕಾಗುವುದು ಗಾತ್ರದಿಂದ. ಎ4 ಹಾಳೆಗೆ ಇಂಚಿಗೆ 300 ಚುಕ್ಕೆಯಂತೆ 2480 × 3508 ಪಿಕ್ಸೆಲ್ ಬೇಕು, ಎ3ಗೆ 3508 × 4961. ವಾಟ್ಸಾಪಿನಲ್ಲಿ ಬಂದ ಫೋಟೋ ಕುಗ್ಗಿರುತ್ತದೆ, ಡಾಕ್ಯುಮೆಂಟ್ ಆಗಿ ಕಳಿಸಲು ಹೇಳಿ. ದೂರದಿಂದ ನೋಡುವ ದೊಡ್ಡ ಬ್ಯಾನರಿಗೆ ಇಂಚಿಗೆ 72ರಿಂದ 100 ಸಾಕು. ಅಂಚು ಕತ್ತರಿಸಲು ಸುತ್ತ 3 ಮಿ.ಮೀ. ಹೆಚ್ಚುವರಿ ಬಿಡಿ. ಅಂದಹಾಗೆ ಪ್ಲಾಸ್ಟಿಕ್ ಫ್ಲೆಕ್ಸಿಗೆ ರಾಜ್ಯದಲ್ಲಿ 2016ರಲ್ಲೇ ನಿಷೇಧ ಬಂದಿದೆ, ರಸ್ತೆ ನೋಡಿದರೆ ಹಾಗನ್ನಿಸುವುದಿಲ್ಲ. ನಾವು ಬಟ್ಟೆಯ ಬ್ಯಾನರಿಗೆ ಹೊಂದುವಂತೆ ವಿನ್ಯಾಸ ಮಾಡಿಸುತ್ತೇವೆ.

ಎಐ ಹತ್ತಿರ ಹೇಳಿದರೆ ಚಿತ್ರ ಬರುತ್ತದೆ. ಇನ್ನು ಇದನ್ನು ಕಲಿತು ಏನು ಪ್ರಯೋಜನ ಮಾರಾಯ್ರೆ?

ಈ ಪ್ರಶ್ನೆ ಕೇಳದ ಅಪ್ಪಂದಿರೇ ಈಗ ಇಲ್ಲ. ತರಗತಿಯಲ್ಲಿ ನಾವು ಅದನ್ನು ಅಡಗಿಸಿಡುವುದಿಲ್ಲ. ಎಐ ಕೊಟ್ಟ ‘ಯಕ್ಷಗಾನ’ದ ಚಿತ್ರವೊಂದನ್ನು ಗೋಡೆಗೆ ಹಚ್ಚಿ ತಪ್ಪು ಹುಡುಕಿ ಎನ್ನುತ್ತೇವೆ. ಬಡಗುತಿಟ್ಟಿನ ಮುಂಡಾಸು ಕಟ್ಟಿದವನ ಮೈಮೇಲೆ ಎಲ್ಲಿಯದೋ ಆಭರಣ, ಮುಖದಲ್ಲಿ ಕಥಕ್ಕಳಿಯ ಹಸಿರು, ಹಿಂದೆ ಕನ್ನಡದಂತೆ ಕಾಣುವ ಆದರೆ ಯಾವ ಭಾಷೆಯೂ ಅಲ್ಲದ ಅಕ್ಷರ. ಆಟ ನೋಡಿ ಬೆಳೆದ ಮಕ್ಕಳು ಕ್ಷಣದಲ್ಲಿ ಹಿಡಿಯುತ್ತಾರೆ. ಯಂತ್ರ ದಿನೇ ದಿನೇ ಸುಧಾರಿಸುತ್ತದೆ, ಒಪ್ಪುತ್ತೇನೆ. ಸುಧಾರಿಸಿದ್ದು ಸರಿಯಿದೆಯೇ ಎಂದು ಹೇಳಲು ಆಗಲೂ ನೋಡಿ ಗೊತ್ತಿರುವ ಕಣ್ಣು ಬೇಕು. ನಿಯಮ ಇಷ್ಟೇ: ಎಐ ಚಿತ್ರವನ್ನು ಸ್ವಂತದ್ದೆಂದು ತರುವಂತಿಲ್ಲ. ಬಳಸಿದ್ದರೆ ಎಲ್ಲಿ, ಎಷ್ಟು ಎಂದು ಹಾಳೆಯ ಹಿಂದೆ ಬರೆಯಬೇಕು.

ಗೂಗಲಿನಲ್ಲಿ ಸಿಕ್ಕಿದ ಚಿತ್ರ ಹಾಕಿದರೆ ತೊಂದರೆಯಾ?

ಸಿಕ್ಕಿದ್ದೆಲ್ಲ ನಮ್ಮದಲ್ಲ. 1957ರ ಕೃತಿಸ್ವಾಮ್ಯ ಕಾಯ್ದೆಯಂತೆ ಕಲಾವಿದರ ಹಕ್ಕು ಅವರ ಜೀವಿತಾವಧಿ ಮತ್ತು ಆಮೇಲಿನ 60 ವರ್ಷ. 1906ರಲ್ಲಿ ತೀರಿಕೊಂಡ ರಾಜಾ ರವಿವರ್ಮನ ಚಿತ್ರ ಬಳಸಬಹುದು. ಹೆಬ್ಬಾರರು ತೀರಿಕೊಂಡದ್ದು 1996ರಲ್ಲಿ, ಅವರ ಕೃತಿಗಳ ಹಕ್ಕು 2056ರ ಕೊನೆಯವರೆಗೂ ಇರುತ್ತದೆ. ನೋಡಿ ಕಲಿಯಲು, ತರಗತಿಯಲ್ಲಿ ಅಭ್ಯಾಸಕ್ಕೆ ಅಡ್ಡಿಯಿಲ್ಲ, ಕರಪತ್ರಕ್ಕೆ ಹಾಕುವುದು ಬೇರೆ ಮಾತು. ವಿಕಿಮೀಡಿಯಾ ಕಾಮನ್ಸ್‌ನಲ್ಲಿ ಹುಡುಕಿ, ಚಿತ್ರದ ಕೆಳಗಿನ ಷರತ್ತು ಓದಿ, ಹೆಸರು ಹಾಕಿ. ಎಲ್ಲಕ್ಕಿಂತ ಸುಲಭ, ಮೊಬೈಲ್ ಹಿಡಿದು ನೀವೇ ಫೋಟೋ ತೆಗೆಯುವುದು. ವೇಷಧಾರಿಯ ಫೋಟೋ ಆದರೆ ಅವರನ್ನೊಮ್ಮೆ ಕೇಳಿ.

ಸಂಬಂಧಿಕರು, ಸಂಘದವರು ಮಗನಿಂದ ಪೋಸ್ಟರ್ ಮಾಡಿಸಿಕೊಳ್ಳುತ್ತಾರೆ. ದುಡ್ಡು ಕೇಳಬಹುದಾ?

ಊರ ದೇವಸ್ಥಾನಕ್ಕೆ, ತನ್ನ ಶಾಲೆಗೆ ಸುಮ್ಮನೆ ಮಾಡಿಕೊಡಲಿ. ಅಂಗಡಿಯವರಿಗೆ, ವ್ಯಾಪಾರಕ್ಕೆ ಆದರೆ ಕೇಳಲೇಬೇಕು, ಕೇಳುವವರು ನೀವಾಗಿರಿ. ‘ಒಂದು ಸಣ್ಣ ಬದಲಾವಣೆ’ ಎಂದು ರಾತ್ರಿ ಹತ್ತಕ್ಕೆ ಫೋನ್ ಬರುವುದನ್ನು ತಡೆಯಲು ಎರಡು ಸಲ ಮಾತ್ರ ತಿದ್ದುಪಡಿ ಎಂದು ಮೊದಲೇ ಹೇಳಿಬಿಡಿ. ಹೆಸರು, ದಿನಾಂಕ, ತಿಥಿ ಎಲ್ಲವನ್ನೂ ಬರಹದಲ್ಲೇ ತರಿಸಿಕೊಳ್ಳಿ. ಸ್ವಾಗತ ಕೋರುವವರ ಪಟ್ಟಿಯಲ್ಲಿ ಒಬ್ಬರ ಹೆಸರು ಬಿಟ್ಟುಹೋದರೆ ಏನಾಗುತ್ತದೆಂದು ನಮ್ಮ ಊರಿನವರಿಗೆ ಹೇಳಬೇಕಾಗಿಲ್ಲ.

ಇನ್‌ಸ್ಟಾಗ್ರಾಮ್ ಖಾತೆ ಬೇಕೇ ಬೇಕು ಎನ್ನುತ್ತಾಳೆ.

13 ವರ್ಷ ಆಗದಿದ್ದರೆ ಅವರ ನಿಯಮದಂತೆಯೇ ಇಲ್ಲ. ಆಗಿದ್ದರೆ ಖಾಸಗಿ ಖಾತೆ, ಚಿತ್ರ ಮಾತ್ರ, ಶಾಲೆಯ ಹೆಸರು ಬೇಡ.

ಹತ್ತನೇ ತರಗತಿಗೆ ಬಂದ ಮೇಲೆ ಇದನ್ನು ನಿಲ್ಲಿಸಬೇಕಾ?

ಡಿಸೆಂಬರಿನಿಂದ ಎಸ್ಸೆಸ್ಸೆಲ್ಸಿ ಮುಗಿಯುವ ತನಕ ನಾವೇ ಬಿಡುವು ಕೊಡುತ್ತೇವೆ. ಅದಕ್ಕೆ ಮೊದಲೇ ನಿಲ್ಲಿಸಬೇಡಿ.

ಇದನ್ನೇ ಮುಂದೆ ಓದಬೇಕೆಂದರೆ ಪಿಯುಸಿಯಲ್ಲಿ ಏನು ತೆಗೆದುಕೊಳ್ಳಬೇಕು?

ಸೈನ್ಸೇ ಆಗಬೇಕೆಂದಿಲ್ಲ. ಐಐಟಿಗಳ ಬಿ.ಡಿಸ್.ಗೆ (ವಿನ್ಯಾಸದ ಪದವಿಗೆ) ಐಐಟಿ ಬಾಂಬೆ ನಡೆಸುವ ಯುಸೀಡ್, ಅಹಮದಾಬಾದಿನ ವಿನ್ಯಾಸ ಸಂಸ್ಥೆ ಎನ್‌ಐಡಿ ಮತ್ತು ಫ್ಯಾಷನ್ ಸಂಸ್ಥೆ ನಿಫ್ಟ್‌ನ ಪ್ರವೇಶ ಪರೀಕ್ಷೆಗಳನ್ನು ಯಾವ ವಿಭಾಗದವರೂ ಬರೆಯಬಹುದು. ನಿಫ್ಟ್ ಬೆಂಗಳೂರಿನಲ್ಲಿದೆ, ಕಣ್ಣೂರಿನಲ್ಲೂ ಇದೆ. ಕಣ್ಣೂರು ನಮಗೆ ಬೆಂಗಳೂರಿಗಿಂತ ಹತ್ತಿರವೆಂಬುದು ಹೆಚ್ಚಿನವರಿಗೆ ನೆನಪೇ ಬರುವುದಿಲ್ಲ. ಆರ್ಕಿಟೆಕ್ಚರ್ ಮನಸ್ಸಿನಲ್ಲಿದ್ದರೆ ಮಾತ್ರ ಗಣಿತ, ಭೌತಶಾಸ್ತ್ರ ಬಿಡಬೇಡಿ. ದೃಶ್ಯಕಲೆಯ ಪದವಿಗೆ ಮಂಗಳೂರಿನ ಮಹಾಲಸಾ, ಮೈಸೂರಿನ ಕಾವಾ, ಬೆಂಗಳೂರಿನ ಚಿತ್ರಕಲಾ ಪರಿಷತ್ತು ಇವೆ. ಈ ಪರೀಕ್ಷೆಗಳಲ್ಲೆಲ್ಲ ಕೈಯಲ್ಲಿ ಬಿಡಿಸುವುದಿರುತ್ತದೆ. ಹೈಸ್ಕೂಲಿನಲ್ಲೇ ಲೋವರ್, ಹೈಯರ್ ಡ್ರಾಯಿಂಗ್ ಪರೀಕ್ಷೆ ಕಟ್ಟಿಸಿ ಎನ್ನುವುದು ಅದಕ್ಕೇ.

ಶಿಕ್ಷಕರಿಂದ: ಲ್ಯಾಬಿನಲ್ಲಿ ಹತ್ತು ಕಂಪ್ಯೂಟರ್, ಮಕ್ಕಳು ನಲವತ್ತು. ಸಾಧ್ಯವಾ?

ಅರ್ಧ ತರಗತಿ ಕಾಗದದಲ್ಲಿ, ಅರ್ಧ ಲ್ಯಾಬಿನಲ್ಲಿ. ಒಂದು ಕಂಪ್ಯೂಟರಿಗೆ ಇಬ್ಬರು, ಒಬ್ಬರು ಮೌಸ್ ಹಿಡಿದರೆ ಇನ್ನೊಬ್ಬರು ಬಾಯಲ್ಲಿ ಹೇಳಬೇಕು, ಹದಿನೈದು ನಿಮಿಷಕ್ಕೆ ಅದಲುಬದಲು. ‘ಅದನ್ನು ಸ್ವಲ್ಪ ಆಚೆ’ ಎಂದರೆ ಕೆಲಸ ಸಾಗುವುದಿಲ್ಲ, ‘ದಿನಾಂಕವನ್ನು ಎಡ ಅಂಚಿಗೆ ಸೇರಿಸು’ ಎನ್ನಬೇಕಾಗುತ್ತದೆ. ಮಕ್ಕಳಿಗೆ ವಿನ್ಯಾಸದ ಮಾತು ಬರುವುದು ಹೀಗೆಯೇ. ಕಡತದ ಹೆಸರಿಗೆ ಕ್ರಮವೊಂದನ್ನು ಮೊದಲ ದಿನವೇ ಗಟ್ಟಿ ಮಾಡಿಬಿಡಿ. ‘ಫೈನಲ್’, ‘ಫೈನಲ್ ಹೊಸದು’ ಎಂಬ ಹೆಸರಿನ ಹಾವಳಿ ಆಮೇಲೆ ತಡೆಯಲು ಆಗುವುದಿಲ್ಲ.

ಶಿಕ್ಷಕರಿಂದ: ಮಳೆಗಾಲದಲ್ಲಿ ಹೇಗೆ ನಡೆಸುತ್ತೀರಿ?

ಜೂನ್, ಜುಲೈಯನ್ನು ಕಾಗದಕ್ಕೆ ಬಿಟ್ಟುಕೊಟ್ಟಿದ್ದೇವೆ. ಕರೆಂಟ್ ಇರುವುದಿಲ್ಲ, ಮಳೆಗೆ ರಜೆ ಸಾರುತ್ತಾರೆ. ಸಿಡಿಲಿನ ದಿನ ಪ್ಲಗ್ ಕಿತ್ತು ಇಡುವುದೇ ಸರಿ. ಪೆನ್ ಟ್ಯಾಬ್ಲೆಟ್‌ಗಳನ್ನು ಮುಚ್ಚಳವಿರುವ ಡಬ್ಬಿಯಲ್ಲಿ ಸಿಲಿಕಾ ಜೆಲ್ ಪೊಟ್ಟಣದ ಜೊತೆ ಇಡಿ, ವಾರಕ್ಕೊಮ್ಮೆಯಾದರೂ ಕಂಪ್ಯೂಟರುಗಳನ್ನು ಆನ್ ಮಾಡಿ ಬೆಚ್ಚಗಾಗಿಸಿ.

ತುಳು ಲಿಪಿಯಲ್ಲಿ ಪೋಸ್ಟರ್ ಮಾಡಬಹುದಾ?

ಇದನ್ನು ಕೇಳುವುದು ಮಕ್ಕಳೇ, ಅದೂ ತುಂಬ ಉತ್ಸಾಹದಿಂದ. ತುಳು–ತಿಗಳಾರಿ ಲಿಪಿ 2024ರಲ್ಲಿ ಯೂನಿಕೋಡ್ 16ಕ್ಕೆ ಸೇರಿದೆ. ಸೇರಿದ ಮಾತ್ರಕ್ಕೆ ಎಲ್ಲ ಮೊಬೈಲು, ಕಂಪ್ಯೂಟರಿನಲ್ಲಿ ಕಾಣಿಸುತ್ತದೆಂದಲ್ಲ, ಫಾಂಟ್ ಬೇಕು, ತಂತ್ರಾಂಶದ ಬೆಂಬಲವೂ ಬೇಕು. ಹಾಗಾಗಿ ಸದ್ಯಕ್ಕೆ ಅಕ್ಷರವನ್ನು ಕಾಗದದಲ್ಲಿ ಕೈಯಿಂದ ಬರೆದು, ಸ್ಕ್ಯಾನ್ ಮಾಡಿ, ಇಂಕ್‌ಸ್ಕೇಪ್‌ನಲ್ಲಿ ಗೆರೆ ಎಳೆದು ವೆಕ್ಟರ್ ಮಾಡಿಸುತ್ತೇವೆ. ಓದಲು ಬಾರದವರೇ ಹೆಚ್ಚಾದ್ದರಿಂದ ಪಕ್ಕದಲ್ಲಿ ಕನ್ನಡ ಲಿಪಿಯ ತುಳುವೂ ಇರಲಿ. ಎರಡು ಲಿಪಿಗಳ ತೂಕ ಸಮನಾಗಿ ಕಾಣುವಂತೆ ಹೊಂದಿಸುವುದು ಒಂಬತ್ತನೇ ತರಗತಿಗೆ ಕೊಡಬಹುದಾದ ಕಷ್ಟದ ಕೆಲಸಗಳಲ್ಲಿ ಒಂದು, ಕೊಟ್ಟರೆ ಎರಡು ಶನಿವಾರ ಬೇಕೇ ಬೇಕು.